ಜಪಾನಿನಲ್ಲಿ ಪಾಠ ಮಾಡುತ್ತಾ ಫುಜಿ ರಾಕ್‌ಗೆ ಹೋಗಿಬರುವುದು: ಸೋಮವಾರದಿಂದ ಹಿಂದಕ್ಕೆ ಲೆಕ್ಕ ಹಾಕಿ

ಜಪಾನಿನ ದೊಡ್ಡ ಸಂಗೀತ ಹಬ್ಬ ಫುಜಿ ರಾಕ್ ಅಂದ ಕೂಡಲೇ ಎಲ್ಲರಿಗೂ ಫುಜಿ ಬೆಟ್ಟ ನೆನಪಾಗುತ್ತದೆ. ಅದು ಅಲ್ಲಿ ನಡೆಯುವುದಿಲ್ಲ. 1997ರಲ್ಲಿ ಮೊದಲ ಸಲ ನಡೆದದ್ದು ಆ ಬೆಟ್ಟದ ತಪ್ಪಲಿನಲ್ಲೇ, ನಿಜ. ಆದರೆ ಚಂಡಮಾರುತ ಬಂದು ಎರಡನೇ ದಿನ ಪೂರ್ತಿ ರದ್ದಾಯಿತು. ಮರುವರ್ಷ ಟೋಕಿಯೋದ ತೊಯೋಸುವಿನಲ್ಲಿ ಮಾಡಿದರು. 1999ರಿಂದ ನೀಗಾತಾ ಪ್ರಾಂತ್ಯದ ಯುಜಾವಾದಲ್ಲಿರುವ ನಾಯೆಬಾ ಸ್ಕೀ ರೆಸಾರ್ಟ್‌ನಲ್ಲಿ ನಡೆಯುತ್ತಿದೆ. ಹೆಸರು ಮಾತ್ರ ಹಾಗೇ ಉಳಿಯಿತು. ನನ್ನ ಪರಿಚಯದ ಒಬ್ಬ ಟೀಚರ್ ಫುಜಿ ಬೆಟ್ಟದ ಹತ್ತಿರ ರೂಮ್ ಬುಕ್ ಮಾಡಿ, ಹೊರಡುವ ಹಿಂದಿನ ವಾರ ನಕ್ಷೆ ನೋಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಎರಡರ ನಡುವೆ ನೇರ ಗೆರೆ ಎಳೆದರೂ ಸುಮಾರು 160 ಕಿಲೋಮೀಟರ್.

ನಾನು ಇಲ್ಲಿ ಜೂನಿಯರ್ ಹೈಸ್ಕೂಲಿನಲ್ಲಿ ಎಎಲ್‌ಟಿ, ಅಂದರೆ ಇಂಗ್ಲಿಷ್ ಪಾಠಕ್ಕೆ ಸಹಾಯಕ ಟೀಚರ್. ಮನೆ ಟೋಕಿಯೋ ಪಕ್ಕದ ಸೈತಾಮಾ ಕಡೆ. ಈ ಹಬ್ಬಕ್ಕೆ ಕೆಲವು ಸಲ ಹೋಗಿದ್ದೇನೆ, ಮೊದಲನೇ ಸಲ ತುಂಬಾ ಕೆಟ್ಟದಾಗಿ. ಪ್ರವಾಸಿಗರಿಗಾಗಿ ಬರೆದ ಮಾಹಿತಿ ಬೇಕಾದಷ್ಟಿದೆ, ಆದರೆ ಅದು ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ ಸ್ಟಾಫ್ ರೂಮಿನಲ್ಲಿ ಇರಬೇಕಾದವರಿಗೆ ಬರೆದದ್ದಲ್ಲ. ಇದು ಅವರಿಗಾಗಿ.

ಹಂತ 1: ಸೋಮವಾರವನ್ನು ಮೊದಲು ಬಗೆಹರಿಸಿ

ಹಬ್ಬ ನಡೆಯುವುದು ಸಾಮಾನ್ಯವಾಗಿ ಜುಲೈ ಕೊನೆಯ ವಾರಾಂತ್ಯ, ಶುಕ್ರವಾರದಿಂದ ಭಾನುವಾರ. ಭಾನುವಾರ ರಾತ್ರಿ ಗ್ರೀನ್ ಸ್ಟೇಜ್‌ನಲ್ಲಿ, ಅಂದರೆ ಮುಖ್ಯ ವೇದಿಕೆಯಲ್ಲಿ, ದೊಡ್ಡ ಬ್ಯಾಂಡ್ ಮುಗಿಸುವ ಹೊತ್ತಿಗೆ 11ರ ಹತ್ತಿರ ಆಗಿರುತ್ತದೆ. ನಾಯೆಬಾದಿಂದ ಎಚಿಗೊ-ಯುಜಾವಾ ಸ್ಟೇಷನ್‌ಗೆ ಬಸ್ಸಿನಲ್ಲಿ 40ರಿಂದ 50 ನಿಮಿಷ, ಅದೂ ಬಸ್ಸಿನ ಕ್ಯೂ ಬಿಟ್ಟು. ಟೋಕಿಯೋ ಕಡೆಗೆ ಹೋಗುವ ಕೊನೆಯ ಶಿಂಕಾನ್ಸೆನ್, ಅಂದರೆ ಬುಲೆಟ್ ರೈಲು, ಮಾಮೂಲಿ ದಿನಗಳಲ್ಲಿ ರಾತ್ರಿ 10ರ ಆಸುಪಾಸಿಗೆ ಹೊರಟುಹೋಗುತ್ತದೆ. ಲೆಕ್ಕ ಕೂಡುವುದೇ ಇಲ್ಲ, ಅಲ್ವಾ? ನಾನು ಮೊದಲ ವರ್ಷ ಈ ಲೆಕ್ಕ ಹಾಕಲೇ ಇಲ್ಲ. ಹೇಗೋ ಆಗುತ್ತೆ ಅಂದುಕೊಂಡೆ. ಸ್ಟೇಷನ್ ಹೊರಗಿನ ಬೆಂಚಿನ ಮೇಲೆ ಒದ್ದೆ ಸಾಕ್ಸ್ ಹಾಕಿಕೊಂಡೇ ರಾತ್ರಿ ಕಳೆದು, ಬೆಳಿಗ್ಗೆ ಆರು ದಾಟಿದ ಮೇಲಿನ ಮೊದಲ ರೈಲು ಹಿಡಿದು, ಅದೇ ಅಂಗಿಯಲ್ಲಿ 20 ನಿಮಿಷ ತಡವಾಗಿ ಶಾಲೆಗೆ ಹೋದೆ. ವೈಸ್ ಪ್ರಿನ್ಸಿಪಾಲರು ಒಂದು ಮಾತೂ ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಹಬ್ಬದ ಕೈಪಟ್ಟಿಯನ್ನು ನೋಡಿ "ಒತ್ಸುಕಾರೆಸಾಮಾ", ಅಂದರೆ ದಣಿದು ಬಂದಿರಿ, ಅಂದರು, ಅಷ್ಟೇ. ಬೈದಿದ್ದರೇ ವಾಸಿಯಾಗಿತ್ತು.

ಹಾಗಾಗಿ ಯಾವ ಬ್ಯಾಂಡ್ ಯಾವ ದಿನ ಅಂತ ನೋಡುವ ಮೊದಲು, ಸೋಮವಾರ ಬೆಳಿಗ್ಗೆ ನೀವು ಎಲ್ಲಿರಬೇಕು ಅಂತ ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಬನ್ನಿ. ದಾರಿಗಳು ಮೂರೇ. ಒಂದು, ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ಎದ್ದು ಬರುವುದು. ಎರಡು, ರಾತ್ರಿ ಹಬ್ಬ ಮುಗಿದ ಮೇಲೆ ಹೊರಡುವ ಟೂರ್ ಬಸ್ಸಿನಲ್ಲಿ ಮೊದಲೇ ಸೀಟು ಮಾಡಿಸಿಕೊಂಡು ಬೆಳಗಿನ ಜಾವ ಟೋಕಿಯೋ ಸೇರುವುದು. ಮೂರು, ಸೋಮವಾರ ಅರ್ಧ ದಿನ ರಜೆ ಹಾಕುವುದು. ನನ್ನ ಓಟು ಮೂರನೆಯದಕ್ಕೆ. ರಜೆ ಉಳಿದಿಲ್ಲ ಅಂದರೆ ಮೊದಲನೆಯದಕ್ಕೆ. ಎರಡನೆಯದು ಇಪ್ಪತ್ತೈದು ವಯಸ್ಸಿನವರಿಗೆ ಬಿಡಿ.

ಎಇಕಾಯ್ವಾ, ಅಂದರೆ ಇಂಗ್ಲಿಷ್ ಮಾತಾಡಲು ಕಲಿಸುವ ಖಾಸಗಿ ಶಾಲೆಗಳಲ್ಲಿ ಇರುವವರಿಗೆ ಈ ಲೆಕ್ಕವೆಲ್ಲ ತಲೆಕೆಳಗು. ಅಲ್ಲಿ ಶನಿವಾರವೇ ಎಲ್ಲಕ್ಕಿಂತ ಜಾಸ್ತಿ ಕೆಲಸ, ಹಲವರಿಗೆ ವಾರದ ರಜೆ ಭಾನುವಾರ ಮತ್ತು ಸೋಮವಾರ. ಅಂಥವರು ಭಾನುವಾರದ ಒಂದು ದಿನದ ಟಿಕೆಟ್ ತಗೊಂಡು ಕೊನೆಯ ಹಾಡಿನ ತನಕ ಆರಾಮಾಗಿ ಇರಬಹುದು. ಹೊಟ್ಟೆಕಿಚ್ಚಾಗುತ್ತದೆ.

ಹಂತ 2: ರಜೆ ಕೇಳುವ ಬಗೆ

ಜುಲೈ 20ರ ಸುಮಾರಿಗೆ ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗುತ್ತದೆ. ರಜೆ ಮಕ್ಕಳಿಗೆ, ನಮಗಲ್ಲ. ಸರ್ಕಾರವೇ ವಿದೇಶಿ ಟೀಚರ್‌ಗಳನ್ನು ಕರೆಸುವ ಜೆಟ್ ಕಾರ್ಯಕ್ರಮದಲ್ಲಿ ಬಂದವರೂ ನೇರವಾಗಿ ಶಿಕ್ಷಣ ಮಂಡಳಿ ಕೆಲಸಕ್ಕೆ ಇಟ್ಟುಕೊಂಡವರೂ ಖಾಲಿ ಸ್ಟಾಫ್ ರೂಮಿನಲ್ಲೋ ಮಂಡಳಿ ಕಚೇರಿಯಲ್ಲೋ ಕೂರಲೇಬೇಕು. ಆದರೆ ಪಾಠ ಇರುವುದಿಲ್ಲವಾದ್ದರಿಂದ ಶುಕ್ರವಾರ ನೆನ್‌ಕ್ಯೂ, ಅಂದರೆ ಸಂಬಳ ಸಹಿತ ರಜೆ, ಸಿಗುವುದು ಸುಲಭ. ಟೀಚರ್‌ಗಳನ್ನು ಗುತ್ತಿಗೆ ಮೇಲೆ ಶಾಲೆಗಳಿಗೆ ಕಳಿಸುವ ಡಿಸ್ಪ್ಯಾಚ್ ಕಂಪನಿಗಳ ಮೂಲಕ ಬಂದವರಿಗೆ ಶಾಲೆ ಮುಚ್ಚಿದಾಗ ಕೆಲಸವೇ ಇರುವುದಿಲ್ಲ, ಹಲವರಿಗೆ ಆ ದಿನಗಳ ಸಂಬಳವೂ ಇಲ್ಲ. ಅವರಿಗೆ ಸಮಯ ಇರುತ್ತದೆ, ದುಡ್ಡು ಇರುವುದಿಲ್ಲ.

ಕೇಳುವುದಕ್ಕೆ ಒಂದು ಕ್ರಮ ಇದೆ. ಮೊದಲು ನಿಮ್ಮ ಜೊತೆ ಪಾಠ ಮಾಡುವ ಇಂಗ್ಲಿಷ್ ಟೀಚರ್‌ಗೆ ಬಾಯಿಮಾತಿನಲ್ಲಿ ಹೇಳಿ. ರಜೆಯಲ್ಲಿ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸ ನಮ್ಮ ತಲೆಗೇ ಬರುವುದು, ಆ ಶುಕ್ರವಾರ ಯಾರಿಗಾದರೂ ಅಭ್ಯಾಸ ಇಟ್ಟಿದ್ದಾರಾ ಅಂತ ಅವರಿಗೇ ಗೊತ್ತು. ಆಮೇಲೆ ಕ್ಯೋತೋ-ಸೆನ್ಸೇ, ಅಂದರೆ ವೈಸ್ ಪ್ರಿನ್ಸಿಪಾಲ್. ಅವರು ಹೂಂ ಅಂದ ಮೇಲೆ ರಜೆ ಪುಸ್ತಕದಲ್ಲಿ ಬರೆದು ಹಾಂಕೊ, ಅಂದರೆ ಹೆಸರಿನ ಮೊಹರು, ಒತ್ತುವುದು. ಕಾರಣ ಬರೆಯುವ ಜಾಗದಲ್ಲಿ "ಶಿಯೋ" ಅಂತ ಬರೆದರೆ ಸಾಕು, ಸ್ವಂತ ಕೆಲಸ ಅಂತ ಅರ್ಥ. ನಾನು ಮೊದಲ ಸಲ ಉದ್ದಕ್ಕೆ ವಿವರಣೆ ಬರೆದೆ. ಯಾರಿಗೂ ಬೇಕಾಗಿರಲಿಲ್ಲ. ಬಹಳ ಕಡೆ ರಜೆಯನ್ನು ಗಂಟೆ ಲೆಕ್ಕದಲ್ಲೂ ಕೊಡುತ್ತಾರೆ, ಜಿಕಾನ್‌ಕ್ಯೂ ಅನ್ನುತ್ತಾರೆ. ಸೋಮವಾರ ಬೆಳಿಗ್ಗೆಗೆ ಅದೇ ನಿಮ್ಮನ್ನು ಕಾಯುವುದು. ಜೂನ್‌ನಲ್ಲೇ ಕೇಳಿಬಿಡಿ.

ಜೆಟ್‌ನ ಹೊಸಬರಿಗೆ ಒಂದು ಕಿವಿಮಾತು. ನೀವು ಜಪಾನಿಗೆ ಬಂದು ಇಳಿಯುವುದೇ ಜುಲೈ ಕೊನೆ ಅಥವಾ ಆಗಸ್ಟ್‌ನಲ್ಲಿ. ಬಂದ ವರ್ಷ ಇದರ ಆಸೆ ಬಿಡಿ. ಕೆಲಸ ಮುಗಿಸಿ ಹೊರಡುವವರಿಗೂ ಅಷ್ಟೇ, ಮನೆ ಖಾಲಿ ಮಾಡುವ ಗಲಾಟೆಯೂ ಹಬ್ಬವೂ ಒಂದೇ ವಾರ ಬೀಳುತ್ತವೆ. ನಡುವಿನ ವರ್ಷಗಳೇ ನಿಮ್ಮವು. ಅದೂ ತಪ್ಪಿದರೆ ಆಗಸ್ಟ್ ಮಧ್ಯದಲ್ಲಿ ಟೋಕಿಯೋ ಪಕ್ಕದ ಚಿಬಾದಲ್ಲೂ ಒಸಾಕಾದಲ್ಲೂ ಸಮ್ಮರ್ ಸಾನಿಕ್ ಇದೆ. ಅದಕ್ಕೆ ಟೆಂಟೂ ಬೇಡ, ಬೂಟೂ ಬೇಡ.

ಹಂತ 3: ಟಿಕೆಟ್

ಮೂರು ದಿನದ ಟಿಕೆಟ್ ಈಚಿನ ವರ್ಷಗಳಲ್ಲಿ 50 ಸಾವಿರ ಯೆನ್ ದಾಟಿದೆ. ಒಂದು ದಿನದ್ದು 20 ಸಾವಿರದ ಮೇಲೆ. ಬ್ಯಾಂಡ್‌ಗಳ ಹೆಸರು ಹೊರಬೀಳುವ ಮೊದಲೇ ಕೊಂಡರೆ ಕಡಿಮೆಗೆ ಸಿಗುತ್ತದೆ. ಈಚೆಗೆ ಶುಕ್ರವಾರ ರಾತ್ರಿಗೆ ಮಾತ್ರ ಅಂತ ಒಂದು ಟಿಕೆಟ್ ಕೂಡ ಬಂದಿದೆ, ಕೆಲಸ ಮುಗಿಸಿ ರೈಲು ಹತ್ತುವವರಿಗೆ ಹೇಳಿ ಮಾಡಿಸಿದಂತಿದೆ. ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಶನಿವಾರ ಒಂದೇ ದಿನ. ಮೂರೂ ದಿನ ನಿಲ್ಲುತ್ತೇನೆ ಅಂತ ಕಾಲಿಗೆ ಮಾತು ಕೊಡಬೇಡಿ.

ನಮ್ಮಂಥವರಿಗೆ ತೊಡಕು ಬರುವುದು ದುಡ್ಡಿನಲ್ಲಿ ಅಲ್ಲ, ಹೆಸರಿನಲ್ಲಿ. ಫಾರ್ಮಿನಲ್ಲಿ ಮನೆತನದ ಹೆಸರು ಬೇರೆ, ಸ್ವಂತ ಹೆಸರು ಬೇರೆ, ಎರಡೂ ಕತಕಾನ ಲಿಪಿಯಲ್ಲಿ ಬೇಕು. ಇನಿಶಿಯಲ್ ಇಟ್ಟುಕೊಂಡು ಬೆಳೆದವರು ಮನೆತನದ ಹೆಸರು ಅಂತ ಏನು ಬರೆಯುವುದು? ನಾನು ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರಿನ ಹೆಸರು ಬರೆದು, ಕೊನೆಗೆ ಟಿಕೆಟ್ ಕಳಿಸಿದವರು ಒಂದು ಹೆಸರು ಹೇಳಿ ಬ್ಯಾಂಕ್ ಇನ್ನೊಂದು ಹೆಸರು ಹೇಳಿ, ಫೋನಿನಲ್ಲಿ ಮುಕ್ಕಾಲು ಗಂಟೆ ಕ್ಷಮೆ ಕೇಳಿದೆ. ನಿಮ್ಮ ಹೆಸರಿಗೆ ಒಂದು ಕತಕಾನ ರೂಪ ಗೊತ್ತು ಮಾಡಿಕೊಳ್ಳಿ. ಬ್ಯಾಂಕಿನಲ್ಲಿ ಇರುವುದೇ ಒಳ್ಳೆಯದು. ಎಲ್ಲ ಕಡೆ ಅದನ್ನೇ ಬಳಸಿ.

ಕ್ರೆಡಿಟ್ ಕಾರ್ಡ್ ಇಲ್ಲದವರು ಕೊಂಬಿನಿಯಲ್ಲಿ, ಅಂದರೆ ದಿನವಿಡೀ ತೆರೆದಿರುವ ಚಿಕ್ಕ ಅಂಗಡಿಯಲ್ಲಿ, ಕಟ್ಟುವ ಆಯ್ಕೆ ಇದೆಯಾ ನೋಡಿ. ಆನ್‌ಲೈನಿನಲ್ಲಿ ಬರುವ ನಂಬರನ್ನು ಕೌಂಟರಿನಲ್ಲಿ ತೋರಿಸಿದರೆ ದುಡ್ಡು ತಗೊಳ್ಳುತ್ತಾರೆ, ಕಾಗದದ ಟಿಕೆಟ್ ಆದರೆ ಅಲ್ಲೇ ಮುದ್ರಿಸಿಯೂ ಕೊಡುತ್ತಾರೆ. ಬ್ಲ್ಯಾಕಿನಲ್ಲಿ ಕೊಳ್ಳಬೇಡಿ. ಬರೆದ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವ ದಂಧೆಗೆ 2019ರ ಜೂನ್‌ನಿಂದ ಕಾನೂನೇ ಅಡ್ಡ ಇದೆ, ಮತ್ತೆ ವೀಸಾ ಮೇಲೆ ಬದುಕುವವರಿಗೆ ಅಂಥ ತಲೆನೋವು ಬೇಡ.

ಹಂತ 4: ದಾರಿ

ಟೋಕಿಯೋದಿಂದ ಜೋಎತ್ಸು ಶಿಂಕಾನ್ಸೆನ್‌ನಲ್ಲಿ ಎಚಿಗೊ-ಯುಜಾವಾಕ್ಕೆ ಸುಮಾರು ಒಂದೂಕಾಲು ಗಂಟೆ, ಒಂದು ಕಡೆಗೆ ಏಳು ಸಾವಿರ ಯೆನ್ ಹತ್ತಿರ. ಸೈತಾಮಾದ ಓಮಿಯಾ ಸ್ಟೇಷನ್‌ನಿಂದ ಹತ್ತಿದರೆ ಒಂದು ಗಂಟೆಯೂ ಇಲ್ಲ. ಸ್ಟೇಷನ್‌ನಿಂದ ಹಬ್ಬದ ಶಟಲ್ ಬಸ್, ಅದಕ್ಕೆ ಬೇರೆ ದುಡ್ಡು. ಶುಕ್ರವಾರ, ಶನಿವಾರ ಬೆಳಿಗ್ಗೆ ಈ ಬಸ್ಸಿನ ಕ್ಯೂ ಒಂದು ಗಂಟೆ ಹಿಡಿದರೂ ಆಶ್ಚರ್ಯ ಇಲ್ಲ, ನೆರಳೂ ಕಮ್ಮಿ. ಹತ್ತು ಗಂಟೆಯ ರೈಲಿಗಿಂತ ಏಳರ ರೈಲು ವಾಸಿ.

ದುಡ್ಡು ಉಳಿಸುವವರು ಬರೀ ಲೋಕಲ್ ರೈಲುಗಳಲ್ಲಿ ತಕಾಸಾಕಿ, ಮಿನಾಕಾಮಿ ಮೇಲೆ ಹೋಗಬಹುದು. ಇಡೀ ಅರ್ಧ ದಿನ ಬೇಕು. ಮಿನಾಕಾಮಿಯಿಂದ ಮುಂದೆ ದಿನಕ್ಕೆ ಕೆಲವೇ ರೈಲು, ಒಂದು ತಪ್ಪಿದರೆ ಗಂಟೆಗಟ್ಟಲೆ ಕೂರಬೇಕು. ಆ ದಾರಿಯಲ್ಲಿ ದೋಆಯ್ ಅಂತ ಒಂದು ಸ್ಟೇಷನ್ ಇದೆ, ನೀಗಾತಾ ಕಡೆಗೆ ಹೋಗುವ ಪ್ಲಾಟ್‌ಫಾರ್ಮ್ ಸುರಂಗದ ಒಳಗೆ, ಮೇಲೆ ಬರಲು 462 ಮೆಟ್ಟಿಲಿನ ಒಂದೇ ಉದ್ದ ಸಾಲು. ನೋಡಲು ಚೆನ್ನ. ಬೆನ್ನಿಗೆ ಟೆಂಟ್ ಕಟ್ಟಿಕೊಂಡು ಮಾತ್ರ ಇಳಿಯಬೇಡಿ.

ಹಂತ 5: ಮಲಗುವ ಜಾಗ

ಪಕ್ಕದ ದೊಡ್ಡ ಹೋಟೆಲು, ನಾಯೆಬಾದ ಚಿಕ್ಕ ವಸತಿಗಳು ತಿಂಗಳುಗಳ ಮೊದಲೇ ಮುಗಿದಿರುತ್ತವೆ. ಉಳಿದದ್ದು ಕ್ಯಾಂಪ್. ಅದಕ್ಕೆ ತಲೆಗೊಂದು ಪ್ರತ್ಯೇಕ ಟಿಕೆಟ್ ಬೇಕು, ಮರೆತು ಬರುವವರು ಪ್ರತಿ ವರ್ಷ ಇರುತ್ತಾರೆ.

ಕ್ಯಾಂಪ್ ಜಾಗ ಇಳಿಜಾರು. ಸಮತಟ್ಟಾದ ಜಾಗವನ್ನೆಲ್ಲ ಗುರುವಾರವೇ ಬಂದವರು ಹಿಡಿದಿರುತ್ತಾರೆ. ಗುರುವಾರ ಸಂಜೆ ಊರವರ ಜೊತೆ ಬೋನ್ ಒದೋರಿ ಕುಣಿತ, ಪಟಾಕಿ ಎಲ್ಲ ಇರುತ್ತದೆ, ಅದಕ್ಕೆ ಟಿಕೆಟ್ ಬೇಡ, ಅದಕ್ಕೇ ಜನ ಬೇಗ ಸೇರುತ್ತಾರೆ. ಶುಕ್ರವಾರ ಸಂಜೆ ಬರುವ ಟೀಚರ್‌ಗೆ ಸಿಗುವುದು ಓರೆ ಜಾಗ. ಆಗ ತಲೆ ಮೇಲಕ್ಕೆ, ಕಾಲು ಇಳಿಜಾರಿನ ಕಡೆಗೆ ಬರುವಂತೆ ಟೆಂಟ್ ಹಾಕಿ. ಅಡ್ಡಡ್ಡ ಹಾಕಿದರೆ ರಾತ್ರಿಯೆಲ್ಲ ಉರುಳುತ್ತೀರಿ. ಸರಿಯಾಗಿ ಹಾಕಿದರೂ ಬೆಳಿಗ್ಗೆ ಏಳುವಾಗ ಮಲಗುವ ಚೀಲದ ಸಮೇತ ಟೆಂಟಿನ ಬಾಗಿಲಿಗೆ ಬಂದು ಮುದ್ದೆಯಾಗಿರುತ್ತೀರಿ. ಬ್ಯಾಗನ್ನು ಕಾಲ ಬುಡದಲ್ಲಿ ಅಡ್ಡ ಇಡಿ, ಅದಕ್ಕೆ ಕಾಲು ಕೊಟ್ಟು ಮಲಗಿದರೆ ಜಾರುವುದು ಕಡಿಮೆ. ಮತ್ತೆ ಬಿಸಿಲು ಬಿದ್ದರೆ ಆರು ಗಂಟೆಗೆಲ್ಲ ಟೆಂಟ್ ಇಡ್ಲಿ ಪಾತ್ರೆ. ನಿದ್ದೆ ಮಾಡಲು ಸಿಗುವುದು ಎರಡರಿಂದ ಆರು, ಅಷ್ಟೇ ಅಂದುಕೊಳ್ಳಿ.

ಹಂತ 6: ಮಳೆ

ಮಳೆ ಬರುತ್ತಾ ಅಂತ ಕೇಳಬೇಡಿ. ಬರುತ್ತೆ. ಜಾಗ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಟ್ಟದ ನಡುವೆ ಇದೆ, ಹತ್ತು ನಿಮಿಷದ ಹಿಂದೆ ಸುಡು ಬಿಸಿಲಿದ್ದ ಕಡೆ ಹೊಳೆ ಹರಿಯುತ್ತದೆ. ರಾತ್ರಿ 20 ಡಿಗ್ರಿಗಿಂತ ಕೆಳಗೆ ಇಳಿದು, ಒದ್ದೆಯಾದವರಿಗೆ ಹಲ್ಲು ಕಟಕಟ ಅನ್ನುತ್ತದೆ.

ಕೊಡೆ ತರಬೇಡಿ. ಸ್ಟೇಜ್ ಮುಂದೆ ಕೊಡೆ ಬಿಚ್ಚುವ ಹಾಗಿಲ್ಲ, ಹಿಂದಿನವರಿಗೆ ಕಾಣುವುದಿಲ್ಲ, ಕಣ್ಣಿಗೂ ಚುಚ್ಚುತ್ತದೆ. ನೂರು ಯೆನ್ ಅಂಗಡಿಯ ತೆಳು ಪ್ಲಾಸ್ಟಿಕ್ ರೇನ್‌ಕೋಟ್ ಮಧ್ಯಾಹ್ನದ ತನಕ ಬಾಳಿದರೆ ನಿಮ್ಮ ಪುಣ್ಯ. ಕಟ್ಟಡ ಕೆಲಸದವರ ಬಟ್ಟೆ ಮಾರುವ ವರ್ಕ್‌ಮನ್ ಅಂಗಡಿಗೆ ಹೋಗಿ, ಪ್ಯಾಂಟ್ ಸಮೇತದ ಮಳೆ ಸೂಟ್ ತಗೊಳ್ಳಿ. ನಾನು ಕೊಟ್ಟ ದುಡ್ಡಿನಲ್ಲಿ ಒಳ್ಳೆಯದಾಗಿ ಬಳಕೆಯಾದದ್ದು ಅಂದರೆ ಅದೇ, ಈಗ ಸೈಕಲ್‌ನಲ್ಲಿ ಶಾಲೆಗೆ ಹೋಗಲೂ ಅದನ್ನೇ ಹಾಕುತ್ತೇನೆ.

ಕಾಲಿಗೆ ರಬ್ಬರ್ ಬೂಟು. ಇಲ್ಲಿ ಎಲ್ಲರ ಕಾಲಲ್ಲೂ ಕಾಣುವುದು ಜಪಾನಿನ ಕಾಡು ಹಕ್ಕಿ ಸಂಘ ಮಾರುವ ಉದ್ದ ಬೂಟು. ಹಕ್ಕಿ ನೋಡಲು ಗದ್ದೆ ಬಯಲಿಗೆ ಇಳಿಯುವವರಿಗಾಗಿ ಮಾಡಿದ್ದು, ಮೆತ್ತಗೆ ಮಡಚಿ ಬ್ಯಾಗಿನಲ್ಲಿ ಹಾಕಬಹುದು. ಸಾಕ್ಸ್ ದಿನಕ್ಕೆ ಎರಡು ಜೊತೆ ಇಟ್ಟುಕೊಳ್ಳಿ. ಒಣ ಸಾಕ್ಸನ್ನು ಜಿಪ್ ಕವರಿನಲ್ಲಿ ಹಾಕಿ ಎಲ್ಲಕ್ಕಿಂತ ಕೆಳಗೆ ಇಡಿ. ರಾತ್ರಿ ಹನ್ನೆರಡಕ್ಕೆ ಮರದ ಕೆಳಗೆ ಕೂತು ಊದಿಕೊಂಡ ಬಿಳಿ ಪಾದವನ್ನು ಒರೆಸಿ ಒಣ ಸಾಕ್ಸಿಗೆ ಕಾಲು ತೂರಿಸುವಾಗಿನ ಸುಖ ಯಾವ ಬ್ಯಾಂಡೂ ಕೊಟ್ಟಿಲ್ಲ.

ಮಳೆಗಿಂತ ಕಾಟ ಕೊಡುವುದು ಬುಯೋ. ನೊಣದ ಮರಿ ಥರ ಇರುತ್ತದೆ. ಸೊಳ್ಳೆ ಚುಚ್ಚುತ್ತದೆ, ಇದು ಕಚ್ಚುತ್ತದೆ. ಮರುದಿನ ಊದಿ ಒಂದು ವಾರ ಕೆರೆತ. ಹಕ್ಕಾ ಅಂತ ಪುದೀನ ಜಾತಿಯ ಎಣ್ಣೆ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಕಣಕಾಲಿಗೆ ಸಿಂಪಡಿಸಿಕೊಳ್ಳಿ.

ಹಂತ 7: ಒಳಗೆ ಹೋದ ಮೇಲೆ

ಟಿಕೆಟ್ ಕೊಟ್ಟು ಕೈಪಟ್ಟಿ ಕಟ್ಟಿಸಿಕೊಳ್ಳಿ. ಗಾಜಿನ ಬಾಟಲಿ, ಕ್ಯಾನ್, ಹೊರಗಿನ ಮದ್ಯ ಒಳಗೆ ಬಿಡುವುದಿಲ್ಲ. ರೆಸಿಡೆನ್ಸ್ ಕಾರ್ಡ್ ಜೊತೆಯಲ್ಲಿ ಇರಲೇಬೇಕು, ಹಬ್ಬಕ್ಕೆ ಅಂತಲ್ಲ, ವಿದೇಶಿಯರು ಅದನ್ನು ಯಾವಾಗಲೂ ಇಟ್ಟುಕೊಳ್ಳಬೇಕು ಅಂತ ಕಾನೂನೇ ಇದೆ.

ಸ್ಟೇಜ್‌ಗಳು ಒಂದರ ಪಕ್ಕ ಒಂದು ಇಲ್ಲ, ಕಾಡಿನ ನಡುವೆ ಹರಡಿವೆ. ಗೇಟಿನ ಹತ್ತಿರ ರೆಡ್ ಮಾರ್ಕೀ, ದೊಡ್ಡ ಸ್ಟೇಜ್‌ಗಳಲ್ಲಿ ಇದಕ್ಕೆ ಮಾತ್ರ ಚಾವಣಿ ಇದೆ. ಆಮೇಲೆ ಗ್ರೀನ್, 40 ಸಾವಿರದಷ್ಟು ಜನ ಹಿಡಿಯುವ ದೊಡ್ಡ ಬಯಲು. ಕಾಡಿನ ದಾರಿಯಲ್ಲಿ ಮುಂದೆ ಹೋದರೆ ವೈಟ್, ಇನ್ನೂ ಆಚೆ ಫೀಲ್ಡ್ ಆಫ್ ಹೆವನ್. ಗ್ರೀನ್‌ನಿಂದ ಹೆವನ್‌ಗೆ ಜನ ಇಲ್ಲದಾಗಲೇ 20 ನಿಮಿಷಕ್ಕಿಂತ ಜಾಸ್ತಿ, ದೊಡ್ಡ ಬ್ಯಾಂಡ್ ಮುಗಿದ ತಕ್ಷಣ ಹೊರಟರೆ ಅದರ ಎರಡರಷ್ಟು. ವೇಳಾಪಟ್ಟಿಯಲ್ಲಿ ಹೆಸರಿಗೆ ಗುಂಡು ಸುತ್ತುವಾಗ ನಡಿಗೆಯನ್ನೂ ಸೇರಿಸಿ. ದಿನಕ್ಕೆ ಐದು ಬ್ಯಾಂಡ್ ಸಾಕು. ಹತ್ತು ನೋಡುತ್ತೇನೆ ಅಂತ ಹೋದವರು ಹತ್ತರ ಕಾಲುಭಾಗ ನೋಡಿ ಬರುತ್ತಾರೆ. ಫೋನಿನ ಚಾರ್ಜ್ ಬೇಗ ಇಳಿಯುತ್ತದೆ, ವೇಳಾಪಟ್ಟಿಯ ಫೋಟೋ ತೆಗೆದಿಟ್ಟು ಪವರ್ ಬ್ಯಾಂಕ್ ಒಂದು ಇರಲಿ.

ಮಧ್ಯಾಹ್ನ ಒಂದು ಗಂಟೆ ಯಾವ ಬ್ಯಾಂಡೂ ಬೇಡ. ವೈಟ್ ಸ್ಟೇಜ್ ಹತ್ತಿರದ ಹೊಳೆಯಲ್ಲಿ ಕಾಲು ಬಿಟ್ಟು ಕೂರಿ, ಬೆಟ್ಟದ ನೀರು ಕಾಲು ಮರಗಟ್ಟುವಷ್ಟು ತಣ್ಣಗೆ. ಅಥವಾ ಬೆಟ್ಟದ ಮೇಲೆ ಹಗ್ಗದಲ್ಲಿ ತೂಗುತ್ತಾ ಹೋಗುವ ಡ್ರ್ಯಾಗಂಡೋಲ ಹತ್ತಿ. 5,481 ಮೀಟರ್, ಜಪಾನಿನಲ್ಲೇ ಇಷ್ಟು ಉದ್ದದ ಗೊಂಡೋಲ ಬೇರೆ ಇಲ್ಲ, ಅದಕ್ಕೂ ಬೇರೆ ಟಿಕೆಟ್.

ಕಸವನ್ನು ಎಸೆಯುವ ಕಡೆ ಸ್ವಯಂಸೇವಕರು ನಿಂತು ಯಾವುದು ಯಾವ ಡಬ್ಬಕ್ಕೆ ಅಂತ ತೋರಿಸುತ್ತಾರೆ. ಪೇಪರ್ ಕಪ್‌ಗಳಿಂದ ಮಾಡಿದ ಟಾಯ್ಲೆಟ್ ಪೇಪರ್ ಹಬ್ಬಕ್ಕೇ ವಾಪಸ್ ಬರುತ್ತದೆ. ಮಡಚುವ ಕುರ್ಚಿ ತಂದರೆ ನಡೆಯುವಾಗ ಚೀಲದೊಳಗೆ ಹಾಕಿ, ಸ್ಟೇಜ್ ಮುಂದಿನ ಜಾಗಕ್ಕೆ ತಗೊಂಡು ಹೋಗಬೇಡಿ. ಹಾಂ, ಮಕ್ಕಳನ್ನು ಕರೆದುಕೊಂಡು ಬರುವ ಮನೆಯವರು ಇಲ್ಲಿ ಬಹಳ. ಬಿಯರ್ ಹಿಡಿದು ನಿಂತಾಗ ಹಿಂದಿನಿಂದ "ಸೆನ್ಸೇ!", ಅಂದರೆ ಟೀಚರ್, ಅಂತ ಕೂಗು ಕೇಳಿದರೆ ಗಾಬರಿಯಾಗಬೇಡಿ. ನನಗೆ ಆಗಿದೆ. ನಮ್ಮ ಜೂನಿಯರ್ ಹೈಸ್ಕೂಲಿನ ಎರಡನೇ ವರ್ಷದ ಹುಡುಗಿ, ತರಗತಿಯಲ್ಲಿ ಒಂದು ಇಂಗ್ಲಿಷ್ ಪದ ಬಾಯಿ ಬಿಡದವಳು, ಆ ಬ್ಯಾಂಡಿನ ಹಾಡನ್ನೆಲ್ಲ ಇಂಗ್ಲಿಷಿನಲ್ಲೇ ಹಾಡುತ್ತಿದ್ದಳು.

ಹಂತ 8: ಹೊಟ್ಟೆ

ತಿನ್ನಲು ಬೇಕಾದಷ್ಟಿದೆ, ಬೆಲೆ ತಟ್ಟೆಗೆ ಸಾವಿರ ಯೆನ್ ಮೇಲೆ. ಸಸ್ಯಾಹಾರಿಗಳಿಗೆ ಹಳೆಯ ತೊಂದರೆ: ತರಕಾರಿ ಮಾತ್ರ ಇದ್ದಂತೆ ಕಂಡರೂ ಸಾರಿನಲ್ಲಿ ದಾಶಿ ಇರುತ್ತದೆ, ಅಂದರೆ ಸಾಮಾನ್ಯವಾಗಿ ಮೀನಿನ ರಸ. "ನಿಕು ನಾಶಿ", ಮಾಂಸ ಬೇಡ, ಅಂದರೆ ಸಾಲದು, ದಾಶಿ ಬಗ್ಗೆ ಬೇರೆಯಾಗಿ ಕೇಳಿ. ನಾನು ಸ್ಟೇಷನ್ ಹತ್ತಿರದ ಕೊಂಬಿನಿಯಿಂದ ಉಮೆ, ಅಂದರೆ ಹುಳಿ ಉಪ್ಪಿನಕಾಯಿ ಹಣ್ಣಿನ, ಒನಿಗಿರಿ ಅನ್ನುವ ಅನ್ನದ ಉಂಡೆ ನಾಲ್ಕು ಒಯ್ಯುತ್ತೇನೆ. ಅನ್ನ, ಉಪ್ಪಿನಕಾಯಿ, ಇನ್ನೇನು ಬೇಕು? ಸ್ವಲ್ಪ ನಗದು ಇರಲಿ.

ಹಂತ 9: ವಾಪಸ್

ಭಾನುವಾರ ಬೇಗ ಹೊರಟವರಿಗೆ ಎಚಿಗೊ-ಯುಜಾವಾ ಸ್ಟೇಷನ್ನೇ ಒಂದು ಬಹುಮಾನ. ಒಳಗೆ ಪೋನ್‌ಶುಕಾನ್ ಅಂತ ಜಾಗ ಇದೆ, ಸ್ನಾನಕ್ಕೆ ಬಿಸಿನೀರ ಬುಗ್ಗೆಯೂ ಇದೆ, ಗೋಡೆ ತುಂಬ ನೀಗಾತಾ ಸಾಕೆಯ, ಅಂದರೆ ಅಕ್ಕಿ ಮದ್ಯದ, ಮೆಷಿನ್‌ಗಳೂ ಇವೆ, ದುಡ್ಡು ಕೊಟ್ಟು ಪುಟ್ಟ ಬಟ್ಟಲುಗಳಲ್ಲಿ ರುಚಿ ನೋಡಬಹುದು. ಮೊದಲು ಸ್ನಾನ, ಆಮೇಲೆ ಸಾಕೆ. ಶಿಂಕಾನ್ಸೆನ್‌ನಲ್ಲಿ ನಿಮ್ಮ ಪಕ್ಕ ಕೂರುವವರ ಮೇಲೆ ಕರುಣೆ ಇರಲಿ.

ಅಲ್ಲೇ "ಒಮಿಯಾಗೆ" ಅನ್ನುವುದನ್ನು ಕೊಳ್ಳಿ, ಅಂದರೆ ಸ್ಟಾಫ್ ರೂಮಿನಲ್ಲಿ ಹಂಚಲು ತಿಂಡಿ. ರಜೆ ಹಾಕಿ ತಿರುಗಾಡಿ ಬಂದು ಬರಿಗೈಯಲ್ಲಿ ಹೋಗುವಂತಿಲ್ಲ. ಬಿದಿರೆಲೆಯಲ್ಲಿ ಸುತ್ತಿದ ಸಾಸಾ ದಾಂಗೊ ಈ ಕಡೆಯ ವಿಶೇಷ, ನನಗೆ ಬಲು ಇಷ್ಟ, ಆದರೆ ಬೇಗ ಗಟ್ಟಿಯಾಗುತ್ತದೆ. ಬೇಸಿಗೆ ರಜೆಯಲ್ಲಿ ಅರ್ಧ ಜನ ಶಾಲೆಗೆ ಬಂದಿರುವುದಿಲ್ಲ, ಅವರ ಮೇಜಿನ ಮೇಲೆ ಮೂರು ದಿನ ಕೂತರೂ ಕೆಡದಂಥದ್ದು ಬೇಕು. ಕಾಕಿ ನೊ ತಾನೆ ತಗೊಳ್ಳಿ, ಖಾರದ ಅಕ್ಕಿ ಕುರುಕಲು, ಇದೇ ಪ್ರಾಂತ್ಯದ ನಾಗಾಓಕಾದಲ್ಲಿ ಹುಟ್ಟಿದ್ದು. ಬಿಡಿ ಬಿಡಿ ಪೊಟ್ಟಣ ಇರುವ ಡಬ್ಬಿಯನ್ನೇ ಆರಿಸಿ, ತಲೆ ಎಣಿಸಿ, ಎರಡು ಜಾಸ್ತಿ ಇರಲಿ. ಮೊದಲ ಪೊಟ್ಟಣ ಕ್ಯೋತೋ-ಸೆನ್ಸೇಗೆ. ಕೈಪಟ್ಟಿಯನ್ನು ಭಾನುವಾರ ರಾತ್ರಿಯೇ ಕತ್ತರಿಸಿ.

ಟೆಂಟು, ಕೆಸರು ಬೂಟುಗಳನ್ನು ಹೊತ್ತು ರೈಲು ಹತ್ತಬೇಡಿ. ಎರಡು ಕವರಿನಲ್ಲಿ ಸುತ್ತಿ ಕೊಂಬಿನಿಯಿಂದ ತಾಕ್ಯೂಬಿನ್ ಕೊರಿಯರ್‌ಗೆ ಹಾಕಿ, ಮಂಗಳವಾರ ಸಂಜೆ 7ರಿಂದ 9ರ ಹೊತ್ತಿಗೆ ಅಂತ ಚೀಟಿಯಲ್ಲಿ ಗುರುತು ಮಾಡಿ. ಬಂದ ದಿನವೇ ಬಿಚ್ಚಿ ತೊಳೆಯಿರಿ. ನಾನು ಒಂದು ವರ್ಷ ಶನಿವಾರದ ತನಕ ಬಿಟ್ಟಿದ್ದೆ, ಆ ಟೆಂಟಿನಲ್ಲಿ ಆಮೇಲೆ ಯಾರೂ ಮಲಗಲಿಲ್ಲ.